ಉಚಿತ ಕಾನೂನು ನೆರವು: ಜೈಲಿಗೆ ಹೋಗಿ ಬಂದ ಅಣ್ಣನ ಪಾಲು ಕೇಳಲು ಹೋದ ನನ್ನ ಅನುಭವ

ನಮ್ಮ ತಾಲೂಕು ಕೋರ್ಟಿನ ಆವರಣದಲ್ಲಿ ದೊಡ್ಡ ಬೇವಿನ ಮರದ ಹಿಂದೆ ಒಂದು ಕೋಣೆ ಇದೆ. ಬಾಗಿಲ ಮೇಲೆ ‘ತಾಲೂಕು ಕಾನೂನು ಸೇವಾ ಸಮಿತಿ’ ಅಂತ ಬೋರ್ಡು. ವರ್ಷಗಟ್ಟಲೆ ಅದರ ಮುಂದೆಯೇ ಓಡಾಡಿದ್ದೇನೆ, ಒಳಗೆ ಏನಿದೆ ಅಂತ ಇಣುಕಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಮೊದಲ ಸಲ ಒಳಗೆ ಹೋದೆ. ಅಣ್ಣ ಮರದ ಕೆಳಗೇ ನಿಂತುಬಿಟ್ಟ. ಕಟಕಟೆಯಲ್ಲಿ ನಿಂತು ಶಿಕ್ಷೆ ಕೇಳಿಸಿಕೊಂಡವನು ಅವನು. ಕೋರ್ಟು ಅಂದರೆ ಅವನಿಗೆ ಕಾಲೇ ಏಳುತ್ತಿರಲಿಲ್ಲ.

ಆ ಕೋಣೆಯಲ್ಲಿ ಸಿಕ್ಕ ಸೇವೆಯ ಬಗ್ಗೆ ಈ ಬರಹ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಾನು ಯಾಕೆ ಹೋದೆ ಅನ್ನುವುದನ್ನು ಹೇಳದಿದ್ದರೆ ಉಳಿದದ್ದು ಅರ್ಥ ಆಗುವುದಿಲ್ಲ.

ನಾವು ಮೂವರು ಮಕ್ಕಳು. ಅಣ್ಣ, ನಾನು, ತಮ್ಮ. ಅಜ್ಜನಿಂದ ಬಂದ 4 ಎಕರೆ 30 ಗುಂಟೆ, ಅಪ್ಪ ತಾನೇ ದುಡಿದು ಕೊಂಡ 2 ಎಕರೆ. ಒಟ್ಟು 6 ಎಕರೆ 30 ಗುಂಟೆ, ಎಲ್ಲ ಒಣ ಬೇಸಾಯ. ಜೊತೆಗೆ ಊರೊಳಗೆ ಒಂದು ಮಣ್ಣಿನ ಮನೆ. 2014ರಲ್ಲಿ ಪಕ್ಕದ ಹೊಲದವರ ಜೊತೆ ಬದುವಿನ ವಿಷಯಕ್ಕೆ ಜಗಳ ಆಯಿತು. ಅಣ್ಣನ ಕೈಯಲ್ಲಿ ಸಲಿಕೆ ಇತ್ತು. ಒಂದೇ ಏಟು. ಆ ಮನುಷ್ಯ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡರು. ಅವರಿಗೂ ಮೂವರು ಮಕ್ಕಳು. ಇದನ್ನು ಮುಚ್ಚಿಟ್ಟು ಬರೆಯಲು ನನ್ನಿಂದ ಆಗುವುದಿಲ್ಲ. ಅಣ್ಣ ತಪ್ಪು ಮಾಡಿದ, ಶಿಕ್ಷೆ ಅನುಭವಿಸಿದ. ಕೊಲೆಯಲ್ಲದ ಮಾನವ ಹತ್ಯೆ ಅಂತ ತೀರ್ಪಾಯಿತು, ಆಗಿನ ಭಾರತೀಯ ದಂಡ ಸಂಹಿತೆಯ 304ನೇ ಸೆಕ್ಷನ್ನಿನ ಎರಡನೇ ಭಾಗ. ಏಳು ವರ್ಷ ಜೈಲು, ಮೇಲೆ ದಂಡ. ದಂಡ ಕಟ್ಟಲು ನನ್ನ ಸರ ಒತ್ತೆ ಇಟ್ಟೆ.

ಅಣ್ಣ ಒಳಗಿರುವಾಗಲೇ, 2018ರಲ್ಲಿ ಅಪ್ಪ ಹೋದರು. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಮಣ್ಣಿಗೆ ಬರಲು ಅಣ್ಣನಿಗೆ ಪೊಲೀಸರ ಕಾವಲಿನಲ್ಲಿ ಕೆಲವು ಗಂಟೆ ಬಿಟ್ಟಿದ್ದರು. ಬಂದ, ಒಂದು ಹಿಡಿ ಮಣ್ಣು ಹಾಕಿದ, ಜೀಪು ಹತ್ತಿ ಹೋದ. ಮರುವರ್ಷ ತಮ್ಮ ಪೌತಿ ಖಾತೆ ಮಾಡಿಸಿಕೊಂಡ. ಪಹಣಿಯಲ್ಲಿ ಅಪ್ಪನ ಹೆಸರು ಹೋಗಿ ಅವನೊಬ್ಬನ ಹೆಸರು ಬಂತು. ನನಗೆ ಗೊತ್ತಾಗಿದ್ದು ಅಣ್ಣ ಬಿಡುಗಡೆ ಆದ ಮೇಲೆ, 2020ರ ಕೊನೆಗೆ. ಅಣ್ಣ ಮನೆಗೆ ಹೋಗಿ ಹೊಲದ ಮಾತೆತ್ತಿದಾಗ ತಮ್ಮ ಒಂದೇ ಮಾತು ಹೇಳಿದನಂತೆ: ‘ಜೀವ ತೆಗೆದವನಿಗೆ ಆಸ್ತಿ ಬರಲ್ಲ, ಕಾನೂನೇ ಹಾಗಿದೆ.’ ಅಣ್ಣ ನಂಬಿದ. ಊರು ನಂಬಿತು. ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ. ಆ ರಾತ್ರಿ ಅವನು ಗುಡಿ ಕಟ್ಟೆಯ ಮೇಲೆ ಮಲಗಿದ್ದ. ಬೆಳಿಗ್ಗೆ ಮೊದಲ ಬಸ್ಸಿಗೆ ನಮ್ಮ ಮನೆಗೆ ಬಂದ.

ಮೊದಲು ಒಬ್ಬ ಖಾಸಗಿ ವಕೀಲರ ಹತ್ತಿರ ಹೋದೆವು. ಹೆಸರು ಬೇಡ. 5,000 ರೂಪಾಯಿ ತೆಗೆದುಕೊಂಡರು. ಪೇಪರ್ ಒಂದನ್ನೂ ಬಿಚ್ಚಿ ನೋಡಲಿಲ್ಲ. ‘ಶಿಕ್ಷೆ ಆದವರ ಕೇಸು ನಿಲ್ಲಲ್ಲಮ್ಮ. ತಮ್ಮನ ಕೈಯಿಂದ ಏನಾದರೂ ಇಸಿದುಕೊಂಡು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟುಬಿಡಿ’ ಅಂದರು. ಅಣ್ಣ ತಲೆ ಆಡಿಸಿದ. ಸಹಿ ಮಾಡಿಯೇ ಬಿಡುತ್ತಿದ್ದನೋ ಏನೋ.

ತಡೆದದ್ದು ಒಂದು ಕಾಗದ. ಆ ಪೌತಿ ಖಾತೆಗೆ ತಮ್ಮ ಕೊಟ್ಟ ವಂಶವೃಕ್ಷದ ನಕಲು ನಮ್ಮ ಕೈಗೆ ಬಂತು. ಮೇಲೆ ಅಪ್ಪನ ಹೆಸರು, ಪಕ್ಕದಲ್ಲಿ ಅವ್ವನ ಹೆಸರು, ಎರಡರ ಮುಂದೂ ‘ಮರಣ’. ಕೆಳಗೆ ಒಂದೇ ಗೆರೆ. ಆ ಗೆರೆಯ ತುದಿಗೆ ತಮ್ಮ. ಅಷ್ಟೇ. ಅಣ್ಣ ಇಲ್ಲ, ನಾನೂ ಇಲ್ಲ. ನಾನು ಅಂಗನವಾಡಿ ಕಾರ್ಯಕರ್ತೆ. ಹದಿನೆಂಟು ವರ್ಷದಿಂದ ಹುಟ್ಟಿದ ಮಕ್ಕಳ ಹೆಸರು ಬರೆಯುವುದೇ ನನ್ನ ಕೆಲಸ. ಒಂದು ಮಗು ರಿಜಿಸ್ಟರಿನಲ್ಲಿ ಬಿಟ್ಟುಹೋದರೆ ರಾತ್ರಿ ನಿದ್ದೆ ಬರುವುದಿಲ್ಲ. ನಮ್ಮಪ್ಪನ ಮೂವರು ಮಕ್ಕಳಲ್ಲಿ ಇಬ್ಬರು ಹುಟ್ಟೇ ಇಲ್ಲ ಅನ್ನುವ ಹಾಗೆ ಬರೆದು, ಸಹಿ ಮಾಡಿ, ಸೀಲು ಒತ್ತಿದ್ದರು. ಮಗಳು ಮದುವೆಯಾಗಿ ಹೋದವಳು. ಮಗ ಜೈಲಿಗೆ ಹೋದವನು. ಹೋದವರು ಲೆಕ್ಕಕ್ಕಿಲ್ಲ!

ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ‘ಉಚಿತ ಕಾನೂನು ನೆರವು, 15100’ ಅಂತ ಬರೆದದ್ದು ದಿನಾ ಕಾಣುತ್ತಿತ್ತು. ಅವತ್ತು ಆ ನಂಬರಿಗೆ ಫೋನ್ ಮಾಡಿದೆ. ನಿಮ್ಮ ತಾಲೂಕು ಸಮಿತಿಗೆ ಹೋಗಿ, ಆಧಾರ್ ಮತ್ತು ಇರುವ ಕಾಗದ ತೆಗೆದುಕೊಂಡು ಹೋಗಿ ಅಂದರು. ಹೋದೆ.

ಅರ್ಜಿ ಒಂದೇ ಹಾಳೆ. ತುಂಬಲು ಅಲ್ಲಿದ್ದ ಅರೆ ಕಾನೂನು ಸ್ವಯಂಸೇವಕಿ ಸಹಾಯ ಮಾಡಿದರು. ಆದಾಯ ಪ್ರಮಾಣಪತ್ರ ತಂದಿಲ್ಲವಲ್ಲ ಅಂತ ನನಗೆ ಗಾಬರಿ. ‘ನೀವು ಹೆಂಗಸು ಅಲ್ವಾ, ನಿಮಗೆ ಆದಾಯದ ಮಿತಿಯೇ ಇಲ್ಲ’ ಅಂದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಕಸ್ಟಡಿಯಲ್ಲಿ ಇರುವವರು, ಇವರಿಗೆಲ್ಲ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಉಳಿದವರಿಗೆ ಮಾತ್ರ ಆದಾಯದ ಮಿತಿ. ಅಣ್ಣ ಬಿಡುಗಡೆ ಆಗಿದ್ದರಿಂದ ಅವನಿಗೆ ಆದಾಯ ಪ್ರಮಾಣಪತ್ರ ಬೇಕಾಯಿತು. ಅವನು ಜೈಲಿನಲ್ಲಿದ್ದಾಗಲೇ ಕೇಳಿದ್ದರೆ ಅದೂ ಬೇಕಾಗುತ್ತಿರಲಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಹತ್ತು ದಿನಕ್ಕೆ ಪ್ಯಾನೆಲ್ ವಕೀಲರೊಬ್ಬರನ್ನು ನೇಮಿಸಿದರು. ಮೇಡಂ, ಸುಮಾರು ನನ್ನದೇ ವಯಸ್ಸು. ಮೊದಲ ಭೇಟಿಯಲ್ಲಿ ಅವರು ಮಾಡಿದ ಒಂದು ಕೆಲಸಕ್ಕೇ ನಾನು ಎರಡು ಸ್ಟಾರ್ ಕೊಟ್ಟುಬಿಡುತ್ತೇನೆ. ‘ಅಣ್ಣನಿಗೆ ಆಸ್ತಿ ಬರಲ್ಲ ಅಂತ ಯಾರು ಹೇಳಿದ್ದು?’ ಅಂತ ಕೇಳಿದರು. ಎಲ್ಲರೂ ಅಂದೆ. ಒಂದು ಸಣ್ಣ, ಹಳದಿ ತಿರುಗಿದ ಪುಸ್ತಕ ತೆಗೆದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಹೊರಗೆ ನಿಂತಿದ್ದ ಅಣ್ಣನನ್ನು ಕರೆಸಿ ಎದುರು ಕೂರಿಸಿದರು. ಪೆನ್ಸಿಲ್ ಹಿಡಿದು 25ನೇ ಸೆಕ್ಷನ್ ಓದಿ, ಒಂದೊಂದೇ ತುಂಡು ಕನ್ನಡದಲ್ಲಿ ಹೇಳಿದರು. ಕೊಲೆ ಮಾಡಿದವನು, ಅಥವಾ ಕೊಲೆಗೆ ಕುಮ್ಮಕ್ಕು ಕೊಟ್ಟವನು, ಕೊಲೆಯಾದವರ ಆಸ್ತಿಗೆ ವಾರಸುದಾರ ಆಗುವಂತಿಲ್ಲ. ‘ಕೊಲೆಯಾದವರ’ ಅನ್ನುವ ಕಡೆ ಪೆನ್ಸಿಲ್ಲಿನಿಂದ ಗೆರೆ ಎಳೆದರು. ‘ನಿಮ್ಮ ಅಪ್ಪನನ್ನು ಯಾರಾದರೂ ಕೊಂದರಾ?’ ಅಂತ ಅಣ್ಣನನ್ನು ಕೇಳಿದರು. ‘ಇಲ್ಲ ಮೇಡಂ, ಸಕ್ಕರೆ ಕಾಯಿಲೆ’ ಅಂದ. ‘ಹಾಗಿದ್ದರೆ ಈ ಸೆಕ್ಷನ್ ನಿಮಗಲ್ಲ’ ಅಂದರು.

ಅಣ್ಣ ಆ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡ. ಇಂಗ್ಲಿಷ್ ಓದಲು ಬರುವುದಿಲ್ಲ ಅವನಿಗೆ. ಆದರೂ ಆ ಪೆನ್ಸಿಲ್ ಗೆರೆಯ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನೋಡಿದ.

ಆಮೇಲೆ 28ನೇ ಸೆಕ್ಷನ್ ತೋರಿಸಿದರು. ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸಿತು. ರೋಗ, ಅಂಗದ ಊನ, ಅಥವಾ ಈ ಕಾಯ್ದೆಯಲ್ಲಿ ಹೇಳಿದ್ದನ್ನು ಬಿಟ್ಟು ಬೇರೆ ಯಾವುದೇ ಕಾರಣಕ್ಕೂ ಯಾರನ್ನೂ ವಾರಸುದಾರಿಕೆಯಿಂದ ತೆಗೆಯುವಂತಿಲ್ಲ ಅಂತ ಅಲ್ಲಿ ಇದೆ. ಬೇರೆ ಯಾವುದೇ ಕಾರಣಕ್ಕೂ! ಕಳ್ಳತನ, ಮೋಸ, ಹೊಡೆದಾಟ, ಯಾವ ಕೇಸಿನಲ್ಲಿ ಶಿಕ್ಷೆ ಆಗಿರಲಿ, ಅಪ್ಪನ ಆಸ್ತಿಯಲ್ಲಿ ಮಗನ ಪಾಲು ಹೋಗುವುದಿಲ್ಲ. ‘ಒಂದು ವೇಳೆ 302 ಆಗಿ ಜೀವಾವಧಿ ಶಿಕ್ಷೆಯೇ ಆಗಿದ್ದರೂ, ಕೊಂದದ್ದು ಪಕ್ಕದ ಹೊಲದವರನ್ನು ಅಂದಮೇಲೆ ಅಪ್ಪನ ಆಸ್ತಿಗೆ ಅಡ್ಡಿ ಇಲ್ಲ’ ಅಂದರು. ಈಗ ಕೊಲೆಗೆ 302ರ ಬದಲು ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್ ಬಂದಿದೆ, 2024ರ ಜುಲೈ 1ರಿಂದ. ವಾರಸುದಾರಿಕೆಯ ಲೆಕ್ಕ ಮಾತ್ರ ಅದೇ.

25ನೇ ಸೆಕ್ಷನ್ನಿಗೆ ಇನ್ನೊಂದು ಕೊಂಡಿ ಇದೆ, ಅದನ್ನೂ ಹೇಳಬೇಕು. ಕೊಲೆಯಾದವರ ಆಸ್ತಿ ಮಾತ್ರವಲ್ಲ, ಯಾವ ಆಸ್ತಿ ತನಗೆ ಬರಲಿ ಅಂತ ಕೊಲೆ ಮಾಡಿದನೋ ಆ ಆಸ್ತಿಯೂ ಸಿಗುವುದಿಲ್ಲ. ಅಪ್ಪನ ಹೊಲ ಪೂರ್ತಿ ತನಗೇ ಆಗಲಿ ಅಂತ ಒಬ್ಬ ತನ್ನ ತಮ್ಮನನ್ನು ಕೊಂದ ಅಂತಿಟ್ಟುಕೊಳ್ಳಿ. ಸತ್ತದ್ದು ತಮ್ಮ, ಆದರೆ ಅಪ್ಪನ ಆಸ್ತಿಯೂ ಅವನ ಕೈ ತಪ್ಪುತ್ತದೆ. 27ನೇ ಸೆಕ್ಷನ್ ಪ್ರಕಾರ ಅಂಥವನನ್ನು ಆಸ್ತಿಯ ಯಜಮಾನನಿಗಿಂತ ಮೊದಲೇ ಸತ್ತವನು ಅಂತ ಲೆಕ್ಕ ಹಾಕಿ ಉಳಿದವರಿಗೆ ಹಂಚುತ್ತಾರೆ. ಈ ತತ್ವ ಕಾಯ್ದೆಗಿಂತ ಹಳೆಯದು. ಕೆಂಚವ್ವ ಮತ್ತು ಗಿರಿಮಲ್ಲಪ್ಪ ಅನ್ನುವವರ ನಡುವಿನ ಒಂದು ಕೇಸು, ಹೆಸರು ಕೇಳಿದರೇ ನಮ್ಮ ಕಡೆಯವರು ಅಂತ ಗೊತ್ತಾಗುತ್ತದೆ, ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ 1924ರಲ್ಲಿ ತೀರ್ಮಾನ ಆಯಿತಂತೆ. ಕೊಂದವನು ಆ ವಂಶದಲ್ಲಿ ಇಲ್ಲವೇ ಇಲ್ಲ ಅಂತ ಎಣಿಸಬೇಕು, ಅವನ ಮೂಲಕ ಹೊಸ ಕವಲು ಹೊರಡುವುದಿಲ್ಲ ಅಂತ. 2005ರಲ್ಲಿ ಸುಪ್ರೀಂ ಕೋರ್ಟು ಕೂಡ, ಅಪ್ಪನನ್ನು ಕೊಂದ ಮಗನ ಹೆಂಡತಿ ಗಂಡನ ಮೂಲಕ ಮಾವನ ಆಸ್ತಿ ಕೇಳುವಂತಿಲ್ಲ ಅಂತ ಹೇಳಿದೆ. ಮುಸ್ಲಿಮರ ಷರಿಯತ್ತಿನಲ್ಲೂ ಬೇಕಂತಲೇ ಕೊಂದವನಿಗೆ ಸತ್ತವರ ಆಸ್ತಿ ಇಲ್ಲ. ಇದು ನ್ಯಾಯವೇ. ಕೊಂದು ಗಳಿಸುವುದನ್ನು ಯಾವ ಕಾನೂನು ಒಪ್ಪೀತು? ಆದರೆ ನಮ್ಮ ಊರಿನಲ್ಲಿ ಈ ನ್ಯಾಯದ ಅರ್ಧ ಮಾತ್ರ ಓಡಾಡುತ್ತಿತ್ತು. ‘ಕೊಂದವನಿಗೆ ಆಸ್ತಿ ಇಲ್ಲ’ ಅನ್ನುವುದು ಎಲ್ಲರ ಬಾಯಲ್ಲೂ ಇತ್ತು. ‘ಯಾರ ಆಸ್ತಿ’ ಅನ್ನುವುದು ಯಾರ ಬಾಯಲ್ಲೂ ಇರಲಿಲ್ಲ.

ಜನ ಯಾಕೆ ಹಾಗೆ ನಂಬಿದ್ದಾರೆ ಅಂತ ಮೇಡಂ ಹೇಳಿದ್ದು ಚೆನ್ನಾಗಿತ್ತು. ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲಿ ಅಪರಾಧಿಯ ಆಸ್ತಿಯನ್ನೇ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳುವ ಎರಡು ಸೆಕ್ಷನ್ ಇದ್ದವು, 61 ಮತ್ತು 62. ಅವನ್ನು 1921ರಲ್ಲೇ ತೆಗೆದುಹಾಕಿದರು. ನೂರು ವರ್ಷ ಆಯಿತು. ಜನರ ಮನಸ್ಸಿನಿಂದ ಹೋಗಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ಆದ ಮಾತ್ರಕ್ಕೆ ಮನುಷ್ಯ ಎಲ್ಲ ಹಕ್ಕು ಕಳೆದುಕೊಳ್ಳುವುದಿಲ್ಲ, ಆಸ್ತಿ ಪಡೆಯಲು, ಇಟ್ಟುಕೊಳ್ಳಲು, ಮಾರಲು ಜೈಲುವಾಸ ಅಡ್ಡಿ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಕೋರ್ಟು ಹಾಕಿದ ದಂಡ ಕಟ್ಟದಿದ್ದರೆ ಆಸ್ತಿಯಿಂದ ವಸೂಲಿ ಮಾಡಬಹುದು, ಅಪರಾಧದಿಂದಲೇ ಗಳಿಸಿದ್ದನ್ನು ಜಪ್ತಿ ಮಾಡಬಹುದು. ಅವು ಬೇರೆ ಲೆಕ್ಕ.

ಅಪ್ಪ ಉಯಿಲು ಬರೆದಿದ್ದಾರಾ ಅಂತ ಮೇಡಂ ಮೂರು ಸಲ ಕೇಳಿದರು. ಬರೆದಿರಲಿಲ್ಲ. ಬರೆದಿದ್ದರೆ ಕಥೆ ಬೇರೆ ಆಗುತ್ತಿತ್ತು. ತಾನು ದುಡಿದು ಕೊಂಡ 2 ಎಕರೆಯನ್ನು ಅಪ್ಪ ಯಾರಿಗೆ ಬೇಕಾದರೂ ಬರೆಯಬಹುದಿತ್ತು, ಅಣ್ಣನನ್ನು ಬಿಟ್ಟೂ ಬರೆಯಬಹುದಿತ್ತು, ಕಾರಣ ಕೊಡುವ ಅಗತ್ಯವೂ ಇಲ್ಲ. ಅಜ್ಜನ ಆಸ್ತಿಯಲ್ಲೂ ತನ್ನ ಪಾಲಿಗೆ ಬರುವಷ್ಟನ್ನು ಉಯಿಲಿನಲ್ಲಿ ಬರೆಯಬಹುದು. ಉಯಿಲು ಇಲ್ಲದ್ದರಿಂದ ಮೂವರಿಗೂ ಸಮ. ನನಗೂ. ಮಗಳಿಗೆ ಹುಟ್ಟಿನಿಂದಲೇ ಪಾಲು ಅಂತ 2005ರ ತಿದ್ದುಪಡಿ ಹೇಳುತ್ತದೆ, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಗಟ್ಟಿ ಮಾಡಿದೆ. ಒಬ್ಬೊಬ್ಬರಿಗೆ 2 ಎಕರೆ 10 ಗುಂಟೆ. ನಾನು ಅಣ್ಣನ ಪಾಲು ಕೇಳಲು ಹೋದವಳು, ನನ್ನ ಪಾಲಿನ ಲೆಕ್ಕವನ್ನೂ ಕೈಯಲ್ಲಿ ಹಿಡಿದು ಬಂದೆ.

ಇನ್ನು ಸೇವೆಯ ವಿಷಯ. ದಾವೆ ಬರೆಯುವುದು, ಟೈಪಿಂಗ್, ವಕಾಲತ್ತು, ನೋಟಿಸ್ ಖರ್ಚು, ದೃಢೀಕೃತ ನಕಲು, ಯಾವುದಕ್ಕೂ ನಮ್ಮಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಕೋರ್ಟ್ ಶುಲ್ಕವೂ ನೆರವಿನಲ್ಲೇ ಸೇರುತ್ತದೆ. ಇದು ಸಣ್ಣ ಮಾತಲ್ಲ. ಪಾಲು ಕೇಳುವವನು ಜಮೀನಿನ ಸ್ವಾಧೀನದಲ್ಲಿ ಇದ್ದರೆ ನಮ್ಮ ರಾಜ್ಯದಲ್ಲಿ ಕೋರ್ಟ್ ಶುಲ್ಕ ಚಿಲ್ಲರೆ ಮೊತ್ತ. ಹೊರಗೆ ಹಾಕಿಸಿಕೊಂಡವನಾಗಿದ್ದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕು. ಜೈಲಿಂದ ಬಂದವನು ಎಲ್ಲಿಂದ ತರುತ್ತಾನೆ? ಬಸ್ಸು, ಜೆರಾಕ್ಸ್, ಮಧ್ಯಾಹ್ನದ ಊಟ, ಕೊನೆಗೆ ಸರ್ವೆ ಶುಲ್ಕ, ಇಷ್ಟೇ ನನ್ನ ಕೈಯಿಂದ ಹೋದದ್ದು.

ಸಲಹೆಯೂ ನೇರವಾಗಿತ್ತು. ನಾನು ಪೌತಿ ಖಾತೆ ರದ್ದು ಮಾಡಿಸಲು ಉಪವಿಭಾಗಾಧಿಕಾರಿಯ ಮುಂದೆ ಅಪೀಲು ಹಾಕಬೇಕು ಅಂತ ಹೊರಟಿದ್ದೆ. ‘ಹಾಕಬಹುದು. ಆದರೆ ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರಲ್ಲ, ಹೋದ ಮಾತ್ರಕ್ಕೆ ಹೋಗುವುದೂ ಇಲ್ಲ. ಅದು ಕಂದಾಯದ ದಾಖಲೆ. ಹಕ್ಕು ತೀರ್ಮಾನ ಆಗುವುದು ಸಿವಿಲ್ ಕೋರ್ಟಿನಲ್ಲಿ’ ಅಂತ ಹೇಳಿ ಪಾಲು ವಿಭಾಗದ ದಾವೆಯನ್ನೇ ಹಾಕಿದರು. ತಮ್ಮ ಆಗಲೇ ಪೇಟೆಯವರೊಬ್ಬರ ಜೊತೆ ಮಾರಾಟದ ಮಾತು ನಡೆಸುತ್ತಿದ್ದ. ದಾವೆಯ ಜೊತೆಗೇ ತಡೆಯಾಜ್ಞೆಗೆ ಅರ್ಜಿ ಹಾಕಿದರು, ಸಿಕ್ಕಿತು. ದಾವೆ ನಡೆಯುವಾಗ ಕೊಂಡವರಿಗೂ ಕೊನೆಯ ತೀರ್ಪೇ ಕಟ್ಟು ಅಂತ ತಿಳಿದ ಮೇಲೆ ಆ ಪೇಟೆಯವರು ಈ ಕಡೆ ಬರಲೇ ಇಲ್ಲ.

ಗಡುವಿನ ವಿಷಯ ಕೇಳಿ ನನ್ನ ಎದೆ ಧಸಕ್ಕೆಂದಿತು. ಅವಿಭಕ್ತ ಕುಟುಂಬದ ಆಸ್ತಿಯಿಂದ ಹೊರಗಿಟ್ಟಿದ್ದಾರೆ ಅಂತ ಗೊತ್ತಾದ ದಿನದಿಂದ 12 ವರ್ಷದೊಳಗೆ ದಾವೆ ಹಾಕಬೇಕು. ಅಪ್ರಾಪ್ತರಿಗೆ, ಬುದ್ಧಿ ಸ್ಥಿಮಿತ ಇಲ್ಲದವರಿಗೆ ಈ ಗಡುವಿನಲ್ಲಿ ವಿನಾಯಿತಿ ಇದೆ. ಜೈಲಿನಲ್ಲಿ ಇರುವವರಿಗೆ ಇಲ್ಲ. ಒಳಗೆ ಕೂತಿದ್ದರೂ ಹೊರಗಿನ ಗಡಿಯಾರ ಓಡುತ್ತಲೇ ಇರುತ್ತದೆ. ನಮ್ಮದು ತಡ ಆಗಿರಲಿಲ್ಲ. ದೊಡ್ಡ ಶಿಕ್ಷೆ ಆದವರ ಮನೆಯವರು ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ.

ಇಲ್ಲಿಗೇ ನನ್ನ ದೂರು ಬರುತ್ತದೆ. ಅಣ್ಣ ಇದ್ದ ಜೈಲಿಗೂ ಕಾನೂನು ನೆರವಿನವರು ಬರುತ್ತಿದ್ದರಂತೆ. ಜಾಮೀನು, ಅಪೀಲು, ಪೆರೋಲು, ಇವುಗಳ ಬಗ್ಗೆ ಕೇಳುತ್ತಿದ್ದರಂತೆ. ‘ನಿನ್ನ ಹೊಲ ಮನೆ ಏನಾಯಿತು’ ಅಂತ ಯಾರೂ ಕೇಳಲಿಲ್ಲ. ಇವನೂ ಹೇಳಲಿಲ್ಲ, ಅದು ಇವರ ಕೆಲಸ ಅಂತ ಇವನಿಗೆ ಗೊತ್ತೇ ಇರಲಿಲ್ಲ. ಒಳಗಿನಿಂದಲೇ ದಾವೆ ಹಾಕಬಹುದು. ವಕಾಲತ್ತಿಗೆ ಜೈಲಿನಲ್ಲೇ ಸಹಿ ಮಾಡಿ ಅಧೀಕ್ಷಕರಿಂದ ದೃಢೀಕರಿಸಿ ಕಳಿಸಬಹುದು. ನೋಂದಣಿ ಆಗಬೇಕಾದ ಪತ್ರ ಇದ್ದರೆ ಜೈಲಿನಲ್ಲಿ ಇರುವವರು ಉಪನೋಂದಣಿ ಕಚೇರಿಗೆ ಬರಬೇಕಾಗಿಲ್ಲ, ಅಧಿಕಾರಿಯೇ ಹೋಗಬೇಕು ಅಥವಾ ಕಮಿಷನ್ ಕಳಿಸಬೇಕು ಅಂತ 1908ರ ನೋಂದಣಿ ಕಾಯ್ದೆಯ 38ನೇ ಸೆಕ್ಷನ್ನಿನಲ್ಲೇ ಇದೆ. ತಮ್ಮ ಊರಲ್ಲಿ ‘ಜೈಲಲ್ಲಿ ಇರುವವನ ಸಹಿ ನಡೆಯಲ್ಲ’ ಅಂತ ಹೇಳಿಕೊಂಡು ಓಡಾಡಿದ್ದ. ಅದೂ ಸುಳ್ಳು. ಅಪ್ಪ ತೀರಿಕೊಂಡ ವಾರವೇ ಯಾರಾದರೂ ಅಣ್ಣನ ಹತ್ತಿರ ಕೂತು ಎರಡು ಪ್ರಶ್ನೆ ಕೇಳಿದ್ದರೆ, ಪೌತಿ ಖಾತೆಗೆ ಆಗಲೇ ತಕರಾರು ಹಾಕಬಹುದಿತ್ತು. ಎರಡು ವರ್ಷದ ಅಲೆದಾಟ ಉಳಿಯುತ್ತಿತ್ತು. ಕಳೆದ ಒಂದು ಸ್ಟಾರಿನ ಮುಕ್ಕಾಲು ಪಾಲು ಇದಕ್ಕೆ.

ಉಳಿದ ಕಾಲು ಭಾಗ ಕೋಣೆಯ ಅವ್ಯವಸ್ಥೆಗೆ. ಮೂರು ಕುರ್ಚಿ, ಮೂವತ್ತು ಜನ. ನಡುವೆ ನಮ್ಮ ಮೇಡಂಗೆ ಹೆರಿಗೆ ರಜೆ ಬಂತು, ಬೇರೆ ವಕೀಲರು ಬಂದರು, ಅವರಿಗೆ ಫೈಲು ಅರ್ಥ ಆಗುವಷ್ಟರಲ್ಲಿ ನಾಲ್ಕು ವಾಯಿದೆ ಹೋದವು. ಆದರೂ ಒಬ್ಬರೂ ಅಣ್ಣನನ್ನು ‘ಆ ಕೇಸಿನವನು’ ಅಂತ ಕರೆಯಲಿಲ್ಲ. ಹೆಸರು ಹಿಡಿದೇ ಕರೆದರು.

2023ರ ರಾಷ್ಟ್ರೀಯ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ರಾಜಿ ಬೇಡ, ತೀರ್ಪೇ ಬೇಕು ಅಂತ ನಾನು ಹಟ ಹಿಡಿದಿದ್ದೆ. ಮೇಡಂ ರಜೆ ಮುಗಿಸಿ ಬಂದಿದ್ದರು, ಕೂರಿಸಿ ತಿಳಿಸಿ ಹೇಳಿದರು. ತೀರ್ಪು ಅಂದರೆ ಮೊದಲು ಪ್ರಿಲಿಮಿನರಿ ಡಿಕ್ರಿ. ಅದರಲ್ಲಿ ಯಾರಿಗೆ ಎಷ್ಟು ಪಾಲು ಅಂತ ಮಾತ್ರ ಬರುತ್ತದೆ. ಯಾವ ಕಡೆಯ ಹೊಲ ಯಾರಿಗೆ ಅಂತ ಅಳೆದು ಕೊಡಲು ಮತ್ತೆ ಎಫ್‌ಡಿಪಿ, ಅಂದರೆ ಅಂತಿಮ ಡಿಕ್ರಿಯ ಕಲಾಪ, ಅಂತ ಇನ್ನೊಂದು ಸುತ್ತು, ಕಂದಾಯ ಜಮೀನು ಆದರೆ ಜಿಲ್ಲಾಧಿಕಾರಿ ಕಚೇರಿಯ ಮೂಲಕ. ನಡುವೆ ಅಪೀಲು. ಲೋಕ ಅದಾಲತ್ ರಾಜಿಗೆ ಡಿಕ್ರಿಯಷ್ಟೇ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ, ಕೋರ್ಟ್ ಶುಲ್ಕ ಕಟ್ಟಿದವರಿಗೆ ಅದೂ ವಾಪಸ್. ‘ಅಣ್ಣನಿಗೆ ಈಗ ಐವತ್ತೆರಡು. ಉಳುವ ವಯಸ್ಸು ಎಷ್ಟು ಉಳಿದಿದೆ?’ ಅಂತ ಕೇಳಿದರು. ಆ ಮಾತಿಗೆ ನಾನು ಒಪ್ಪಿದೆ.

ತಮ್ಮನ ಕಡೆಯದನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಬರೆದದ್ದು ಅರ್ಧ ಆಗುತ್ತದೆ. ಅಪ್ಪನನ್ನು ಕೊನೆಯ ನಾಲ್ಕು ವರ್ಷ ನೋಡಿಕೊಂಡವನು ಅವನೇ. ಸೊಸೈಟಿ ಸಾಲ ತೀರಿಸಿದವನೂ ಅವನೇ. ಅದಾಲತ್‌ನಲ್ಲಿ ಆ ರಸೀದಿಗಳನ್ನು ತಂದು ಮೇಜಿನ ಮೇಲೆ ಇಟ್ಟ. ನ್ಯಾಯಾಧೀಶರು ಒಂದೊಂದನ್ನೂ ನೋಡಿದರು. ನಾವು ಆ ಸಾಲದಲ್ಲಿ ನಮ್ಮ ಪಾಲು ಒಪ್ಪಿಕೊಂಡೆವು, ಅದರ ಬದಲಿಗೆ ಊರೊಳಗಿನ ಮನೆ ಅವನಿಗೇ ಇರಲಿ ಅಂದೆವು. ಹೊಲ ಮಾತ್ರ ಮೂರು ಪಾಲು.

ಯಾವ ಕಡೆಯದು ಬೇಕು ಅಂತ ಅಣ್ಣನನ್ನು ಕೇಳಿದರು. ಮೂಡಲ ಕಡೆಯದು ಎರೆ ಮಣ್ಣು, ಒಳ್ಳೆ ಕಡಲೆ ಬರುತ್ತದೆ. ಹಿರಿಯ ಮಗನಿಗೆ ಮೂಡಲು ಅಂತ ನಮ್ಮ ಕಡೆ ರೂಢಿಯೂ ಇದೆ. ಆದರೆ ಆ ಕಡೆಯೇ ಆ ಬದು ಇರುವುದು. ಅಣ್ಣ ತಲೆ ತಗ್ಗಿಸಿ ‘ಆ ಬದು ನನಗೆ ಬೇಡ ಸಾರ್, ಪಡುವಲ ಕಡೆ ಕೊಡಿ’ ಅಂದ. ಅಲ್ಲಿ ಗರಸು ಜಾಸ್ತಿ, ಬೆಳೆ ಕಡಿಮೆ. ಯಾರೂ ಏನೂ ಮಾತಾಡಲಿಲ್ಲ. ತಮ್ಮನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಮೂಡಲ ಪಾಲು ನಾನು ತೆಗೆದುಕೊಂಡೆ.

ನಿಮ್ಮ ಮನೆಯಲ್ಲಿ ಇಂಥದ್ದು ಇದ್ದರೆ ಹೋಗುವಾಗ ಇವನ್ನು ಹುಡುಕಿ ಇಟ್ಟುಕೊಳ್ಳಿ: ತೀರಿಕೊಂಡವರ ಮರಣ ಪ್ರಮಾಣಪತ್ರ, ಅವರ ಹೆಸರಿದ್ದ ಹಳೆಯ ಪಹಣಿ, ಈಗಿನ ಪಹಣಿ, ಪೌತಿ ಖಾತೆಯ ಮ್ಯುಟೇಶನ್ ನಕಲು, ಅದಕ್ಕೆ ಕೊಟ್ಟಿದ್ದ ವಂಶವೃಕ್ಷ, ನಿಮ್ಮ ಶಾಲೆಯ ದಾಖಲೆ ಅಥವಾ ಹಳೆ ರೇಷನ್ ಕಾರ್ಡು. ಆ ತಂದೆಗೆ ನೀವು ಮಗ, ಮಗಳು ಅಂತ ತೋರಿಸಲು ಆ ಕೊನೆಯದು ಬೇಕು. ಶಿಕ್ಷೆಯ ತೀರ್ಪಿನ ನಕಲನ್ನೂ ಒಯ್ಯಿರಿ, ಬಚ್ಚಿಡಬೇಡಿ. ಯಾರ ವಿರುದ್ಧದ ಅಪರಾಧ ಅನ್ನುವುದು ಅದರಲ್ಲೇ ಇರುತ್ತದೆ, ನಿಮ್ಮ ಪಾಲು ನಿಲ್ಲುವುದು ಅದರ ಮೇಲೆಯೇ. ಆಮೇಲೆ, ಏನೇ ಆದರೂ ಒಬ್ಬ ವಕೀಲರನ್ನು ಕೇಳದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ. ಅದು ಒಂದು ಸಲ ನೋಂದಣಿ ಆದರೆ ವಾಪಸ್ ಪಡೆಯುವುದು ತುಂಬಾ ಕಷ್ಟ.

ಲೋಕ ಅದಾಲತ್ ಆದ ಮೇಲೂ ಪಹಣಿ ಬೇರೆ ಆಗಲು ಎಂಟು ತಿಂಗಳು ಹಿಡಿಯಿತು. ಸರ್ವೆಯವರು ಬಂದು ನಕ್ಷೆ ಮಾಡಬೇಕು, ಪೋಡಿ ಆಗಬೇಕು, ಅಂದರೆ ದಾಖಲೆಯಲ್ಲಿ ಒಬ್ಬೊಬ್ಬರ ಪಾಲು ಬೇರೆ ಬೇರೆ ಆಗಬೇಕು. ಸರ್ವೆಯರ್ ಬಂದ ದಿನ ನಾನು ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಮೂಡಲ ತುದಿಯಲ್ಲಿ ಕಲ್ಲು ನೆಡುವಾಗ ಆ ಬದುವಿನ ಆಚೆ ತೀರಿಕೊಂಡವರ ಹೆಂಡತಿ ಬಂದು ನಿಂತರು, ಜೊತೆಗೆ ಅವರ ದೊಡ್ಡ ಮಗ. ಪಕ್ಕದ ಹೊಲದವರು ಹಾಜರಿರಬೇಕು ಅಂತ ಅವರಿಗೂ ನೋಟಿಸ್ ಹೋಗಿತ್ತು. ನಾನು ಸರಪಳಿಯ ಒಂದು ತುದಿ ಹಿಡಿದಿದ್ದೆ. ಆ ಹುಡುಗ ಏನೂ ಹೇಳದೆ ಬಂದು ಇನ್ನೊಂದು ತುದಿ ಹಿಡಿದ. ಅಣ್ಣ ದೂರದಲ್ಲಿ, ಪಡುವಲ ಕಡೆಯ ಬನ್ನಿ ಗಿಡದ ಹತ್ತಿರ ನಿಂತಿದ್ದ. ಕಲ್ಲು ನೆಟ್ಟು, ಅವರು ಸಹಿ ಹಾಕಿ, ಬದು ದಾಟಿ ಹೋಗುವವರೆಗೂ ಅವನು ಆ ಕಡೆ ಹೆಜ್ಜೆ ಇಡಲಿಲ್ಲ.